ನಿಮ್ಮ ವ್ಯಾನ್ ಎಷ್ಟು ಭಾರದ ಟ್ರೇಲರ್ ಎಳೆಯಬಹುದು? ಲೆಕ್ಕ ಹಾಕುವ ಪೂರ್ತಿ ಕ್ರಮ

"ಅಣ್ಣಾ, ನನ್ನ ವ್ಯಾನ್ ಒಂದು ಟನ್ ಎಳೆಯುತ್ತಾ?" ದಾವಣಗೆರೆಯಲ್ಲಿ ವ್ಯಾನ್ ರಿಪೇರಿ ಮಾಡುವ ನನಗೆ ಮದುವೆ ಸೀಸನ್ ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ. ಕೇಳುವವರು ಶಾಮಿಯಾನದವರು, ಅಡುಗೆ ಕಂಟ್ರಾಕ್ಟರುಗಳು, ಸೌಂಡ್ ಸಿಸ್ಟಂನವರು, ಜನರೇಟರ್ ಬಾಡಿಗೆಗೆ ಕೊಡುವವರು. ಬಹಳ ಜನ ಟ್ರೇಲರ್ ಮಾಡಿಸಿ, ಹುಕ್ ವೆಲ್ಡ್ ಮಾಡಿಸಿ, ಎರಡು ಟ್ರಿಪ್ ಹೊಡೆದು, ಕ್ಲಚ್ ಸುಟ್ಟ ಮೇಲೆ ಬಂದು ಕೇಳುತ್ತಾರೆ.

ಎಲ್ಲರೂ ತಪ್ಪುವುದು ಒಂದೇ ಜಾಗದಲ್ಲಿ. ಇಂಜಿನ್ ಎಳೆಯಿತು, ಆದ್ದರಿಂದ ಭಾರ ಸರಿಯಿದೆ ಎಂದುಕೊಳ್ಳುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಇಂಜಿನ್ ತನ್ನ ಮಿತಿಗಿಂತ ಎಷ್ಟೋ ಜಾಸ್ತಿ ಎಳೆದುಬಿಡುತ್ತದೆ. ಆದರೆ ಆ ಭಾರವನ್ನು ಇಳಿಜಾರಿನಲ್ಲಿ ನಿಲ್ಲಿಸಬೇಕಾದ್ದು ಬ್ರೇಕ್. ಹೊರಬೇಕಾದ್ದು ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮತ್ತು ಟೈರು. ಹಿಡಿದುಕೊಳ್ಳಬೇಕಾದ್ದು ಹುಕ್. ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಚಿಕ್ಕದೋ ಅದೇ ನಿಮ್ಮ ಉತ್ತರ. ಆ ಉತ್ತರ ಒಂದೇ ಆಗಿಯೂ ಇರುವುದಿಲ್ಲ. ವ್ಯಾನಿನ ಒಳಗೆ ಇವತ್ತು ಏನಿದೆ ಅನ್ನುವುದರ ಮೇಲೆ ಬದಲಾಗುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಟ್ರೇಲರ್ ಕೊಂಡು ಆಮೇಲೆ ಲೆಕ್ಕಕ್ಕೆ ಕೂತರೆ, ಹೇಗಾದರೂ ಅದನ್ನು ಸರಿ ಎನಿಸಿಕೊಳ್ಳುವ ಲೆಕ್ಕವನ್ನೇ ಮಾಡುತ್ತೀರಿ.

ಬೇಕಾಗುವ ಸಾಮಾನು

ವ್ಯಾನಿನ ಆರ್‌ಸಿ, ಕಂಪನಿಯವರು ಕೊಟ್ಟ ಮಾಲೀಕರ ಕೈಪಿಡಿ, ಅಳತೆ ಟೇಪು, ಟೈರಿನ ಗಾಳಿ ನೋಡುವ ಗೇಜು, ಮನೆಯಲ್ಲಿ ಮೈತೂಕ ನೋಡುವ ತಕ್ಕಡಿ, ಗಟ್ಟಿಯಾದ ಒಂದು ಮರದ ತೊಲೆ, ನಾಲ್ಕು ಇಟ್ಟಿಗೆ, ಚಕ್ರಕ್ಕೆ ಅಡ್ಡ ಇಡಲು ಎರಡು ಕಟ್ಟಿಗೆ ಗುಟ್ಟ, ಒಂದು ನೋಟ್‌ಬುಕ್. ಇಷ್ಟರ ಜೊತೆ ಇಡೀ ಗಾಡಿಯನ್ನೇ ತೂಗುವ ದೊಡ್ಡ ತಕ್ಕಡಿ, ಅಂದರೆ ಒಂದು ವೇಬ್ರಿಡ್ಜ್ ಬೇಕು. ಮೆಕ್ಕೆಜೋಳದ ವ್ಯಾಪಾರದ ಊರು ದಾವಣಗೆರೆ, ಇಲ್ಲಿ ವೇಬ್ರಿಡ್ಜಿಗೆ ಕೊರತೆಯಿಲ್ಲ. ಚಿತ್ರದುರ್ಗ, ಚಳ್ಳಕೆರೆಯಲ್ಲೂ ಸುಲಭವಾಗಿ ಸಿಗುತ್ತದೆ.

ಹಂತ 1: ಎಳೆಯಲು ಕಂಪನಿ ಒಪ್ಪಿದೆಯೇ ನೋಡಿ

ಕೈಪಿಡಿಯಲ್ಲಿ ಟ್ರೇಲರ್ ಎಳೆಯುವ ಬಗ್ಗೆ ಇರುವ ಪುಟ ಹುಡುಕಿ. ಮೂರರಲ್ಲಿ ಒಂದು ಸಿಗುತ್ತದೆ: ಇಂತಿಷ್ಟು ಕೆ.ಜಿ. ಎಳೆಯಬಹುದು ಎಂಬ ಅಂಕಿ, ಎಳೆಯಬಾರದು ಎಂಬ ಎಚ್ಚರಿಕೆ, ಇಲ್ಲವೇ ಆ ವಿಷಯವೇ ಇಲ್ಲ.

ಎಳೆಯಬಾರದು ಎಂದಿದ್ದರೆ ನಿಮ್ಮ ಉತ್ತರ ಸೊನ್ನೆ. ಕೆಳಗಿನ ಹಂತಗಳು ನಿಮಗಲ್ಲ. ಏನೂ ಬರೆದಿಲ್ಲದಿದ್ದರೆ ಅದನ್ನೂ ಸೊನ್ನೆ ಎಂದೇ ಹಿಡಿಯಿರಿ. ಚಾಸಿ ನಂಬರ್ ಕೊಟ್ಟು, ಕಂಪನಿಯಿಂದ ಬರಹದಲ್ಲಿ ಅಂಕಿ ಬಂದ ಮೇಲೆ ಮಾತ್ರ ಮುಂದುವರಿಯಿರಿ. ಶೋರೂಮಿನಲ್ಲಿ ಬಾಯಿಮಾತಿಗೆ "ಎಳೆಯುತ್ತೆ ಸಾರ್" ಅಂದರೆ ಅದು ಅಂಕಿಯಲ್ಲ.

ಇಂಟರ್‌ನೆಟ್ಟಿನಲ್ಲಿ ಅದೇ ಹೆಸರಿನ ಗಾಡಿಗೆ ಬೇರೆ ದೇಶದವರು ಬರೆದ ಅಂಕಿ ಕಾಣಿಸಬಹುದು. ಅದನ್ನು ತೆಗೆದುಕೊಳ್ಳಬೇಡಿ. ಹೆಸರು ಒಂದೇ ಇದ್ದರೂ ಗೇರ್‌ಬಾಕ್ಸ್, ಬ್ರೇಕ್, ರೇಡಿಯೇಟರ್, ಹಿಂದಿನ ಸ್ಪ್ರಿಂಗ್ ಬೇರೆ ಇರಬಹುದು.

ಟ್ರ್ಯಾಕ್ಟರ್ ಓಡಿಸಿ ಅಭ್ಯಾಸ ಇರುವವರು ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ. ಕಬ್ಬಿನ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ನೋಡಿ, ಅದರ ಮುಂದೆ ಇದೇನು ಮಹಾ ಎನ್ನುತ್ತಾರೆ. ಟ್ರ್ಯಾಕ್ಟರ್ ನಿಧಾನ ಹೋಗಲೆಂದೇ ಮಾಡಿದ ಗಾಡಿ, ಎಳೆಯಲೆಂದೇ ಮಾಡಿದ ಗಾಡಿ. ನಿಮ್ಮ ವ್ಯಾನ್ ಹೈವೇಯಲ್ಲಿ 60, 70ರಲ್ಲಿ ಹೋಗುತ್ತದೆ. ವೇಗ 40ರಿಂದ 60ಕ್ಕೆ ಏರಿದರೆ ಬ್ರೇಕ್ ತಿನ್ನಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಆಗುತ್ತದೆ.

ಹಂತ 2: ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಈ ಆರು ಅಂಕಿ ಇಲ್ಲದೆ ಲೆಕ್ಕ ಆಗುವುದಿಲ್ಲ.

1. ವ್ಯಾನಿನ ಗರಿಷ್ಠ ಒಟ್ಟು ತೂಕ. ಗಾಡಿ, ಡೀಸೆಲ್, ಜನ, ಸಾಮಾನು ಎಲ್ಲ ಸೇರಿ ಇದಕ್ಕಿಂತ ಜಾಸ್ತಿ ಆಗಬಾರದು. ಬಾಡಿಗೆ ಗಾಡಿಗಳ ಆರ್‌ಸಿಯಲ್ಲಿ ಇರುತ್ತದೆ. ಅಲ್ಲೇ ಇರುವ ಖಾಲಿ ತೂಕವನ್ನು ಇದೆಂದು ತಿಳಿದು ಬರೆದುಕೊಳ್ಳಬೇಡಿ.

2. ವ್ಯಾನ್ ಮತ್ತು ಟ್ರೇಲರ್ ಸೇರಿದ ಗರಿಷ್ಠ ತೂಕ. ಕೈಪಿಡಿಯಲ್ಲಿ ಜಿಸಿಡಬ್ಲ್ಯೂ ಎಂದು ಇರುತ್ತದೆ.

3. ಎಳೆಯುವ ಮಿತಿ. ಇದರಲ್ಲಿ ಎರಡು ಅಂಕಿ ಇರಬಹುದು: ಬ್ರೇಕ್ ಇರುವ ಟ್ರೇಲರಿಗೆ ಒಂದು, ಬ್ರೇಕ್ ಇಲ್ಲದ್ದಕ್ಕೆ ಒಂದು. ಎರಡನೆಯದು ಸಾಮಾನ್ಯವಾಗಿ ಬಹಳ ಕಡಿಮೆ. ಯೂರೋಪಿನಲ್ಲಂತೂ ಬ್ರೇಕ್ ಇಲ್ಲದ ಟ್ರೇಲರ್ ಎಂದರೆ 750 ಕೆ.ಜಿ.ಗೆ ಮುಗಿಯಿತು, ಎಳೆಯುವ ಗಾಡಿ ಎಷ್ಟೇ ದೊಡ್ಡದಿರಲಿ.

4. ಮುಂದಿನ ಮತ್ತು ಹಿಂದಿನ ಆಕ್ಸಲ್ ಮಿತಿ. ಚಾಸಿ ನಂಬರಿನ ಪ್ಲೇಟಿನಲ್ಲಿ ಅಥವಾ ಕೈಪಿಡಿಯಲ್ಲಿ ನೋಡಿ.

5. ಹುಕ್ಕಿನ ಮಿತಿ. ಒಳ್ಳೆಯ ಹುಕ್ಕಿನ ಮೇಲೆ ಎರಡು ಅಂಕಿ ಕೆತ್ತಿರುತ್ತಾರೆ. ಎಷ್ಟು ಎಳೆಯಬಹುದು, ಮೇಲಿನಿಂದ ಎಷ್ಟು ಭಾರ ಕೂರಬಹುದು. ಯಾವ ಅಂಕಿಯೂ ಇಲ್ಲದ ಹುಕ್ ಬಳಸಬೇಡಿ.

6. ಟ್ರೇಲರಿನ ಖಾಲಿ ತೂಕ, ಗರಿಷ್ಠ ತೂಕ ಮತ್ತು ಅದರ ಟೈರಿನ ಮಿತಿ.

ಟೈರಿನ ಮಿತಿ ಟೈರಿನ ಮೇಲೇ ಇರುತ್ತದೆ. ಅಳತೆಯ ಪಕ್ಕದಲ್ಲಿ ಎರಡು ಅಥವಾ ಮೂರು ಅಂಕಿ, ಆಮೇಲೆ ಒಂದು ಅಕ್ಷರ. ಆ ಅಂಕಿ ಕೆ.ಜಿ. ಅಲ್ಲ, ಸಂಕೇತ. 80 ಎಂದರೆ ಒಂದು ಟೈರಿಗೆ 450 ಕೆ.ಜಿ., 91 ಎಂದರೆ 615, 100 ಎಂದರೆ 800, 104 ಎಂದರೆ 900. ಎರಡು ಟೈರಿನ ಟ್ರೇಲರಿಗೆ 80ರ ಟೈರ್ ಹಾಕಿದ್ದರೆ ಟೈರಿನ ಲೆಕ್ಕಕ್ಕೆ 900 ಕೆ.ಜಿ. ಕೊನೆ. ಅದೂ ಗಾಳಿ ಸರಿಯಾಗಿದ್ದಾಗ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಸೀಳು ಬಿಟ್ಟ ಟೈರಿಗೆ ಈ ಅಂಕಿ ಸಲ್ಲುವುದಿಲ್ಲ.

ಹಂತ 3: ವ್ಯಾನನ್ನು ಕೆಲಸದ ದಿನದ ಹಾಗೆ ತುಂಬಿ ತೂಗಿ

ಬಹಳ ಜನ ಬಿಡುವ ಹಂತ ಇದೇ. ಆರ್‌ಸಿಯ ಖಾಲಿ ತೂಕ ಹಿಡಿದು ಲೆಕ್ಕ ಹಾಕಿಬಿಡುತ್ತಾರೆ. ಖಾಲಿ ವ್ಯಾನಿಗೆ ಟ್ರೇಲರ್ ಕಟ್ಟಿಕೊಂಡು ಯಾರು ಹೋಗುತ್ತಾರೆ ಹೇಳಿ? ಒಳಗೆ ನಾಲ್ಕು ಜನ ಹುಡುಗರು, ಪಾತ್ರೆ, ಒಲೆ, ಸಿಲಿಂಡರ್, ವೈರ್ ಬಂಡಲ್, ಮೇಲೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಕಂಬಗಳು. ಕೊಂಡ ಮೇಲೆ ಹಾಕಿಸಿದ ಲೋಹದ ಬಂಪರ್, ಎರಡನೇ ಬ್ಯಾಟರಿ, ದಪ್ಪ ಮ್ಯಾಟ್ ಇವೂ ಆರ್‌ಸಿಯ ಅಂಕಿಯಲ್ಲಿಲ್ಲ.

ಕಣ್ಣಂದಾಜು ಯಾವಾಗಲೂ ಕಡಿಮೆಯೇ ಹೇಳುತ್ತದೆ. ಒಂದು ಲೀಟರ್ ನೀರು ಒಂದು ಕೆ.ಜಿ. ಹಾಗಾಗಿ 20 ಲೀಟರಿನ ಹತ್ತು ಕ್ಯಾನ್ ಎಂದರೆ ಎರಡು ಕ್ವಿಂಟಾಲ್. ಸಿಮೆಂಟ್ ಚೀಲ 50 ಕೆ.ಜಿ. ಹೋಟೆಲಿನ ಸಿಲಿಂಡರಿನಲ್ಲಿ ಗ್ಯಾಸ್ 19 ಕೆ.ಜಿ., ಆದರೆ ಹೊರುವುದು ಗ್ಯಾಸನ್ನು ಮಾತ್ರ ಅಲ್ವಲ್ಲ. ಸಿಲಿಂಡರಿನ ಖಾಲಿ ತೂಕ ಅದರ ಮೇಲೇ ಬರೆದಿರುತ್ತದೆ, ಅದನ್ನೂ ಕೂಡಿಸಿ.

ವೇಬ್ರಿಡ್ಜಿಗೆ ಹೋಗುವಾಗ ಡೀಸೆಲ್ ಟ್ಯಾಂಕ್ ಫುಲ್ ಮಾಡಿಸಿ. ದಿನಾ ಬರುವ ಹುಡುಗರು ಒಳಗೇ ಕೂತಿರಲಿ. ಮೆಕ್ಕೆಜೋಳದ ಸುಗ್ಗಿಯಲ್ಲಿ, ಅಂದರೆ ಅಕ್ಟೋಬರ್ ಆದ ಮೇಲೆ, ಮಾರುಕಟ್ಟೆ ಸುತ್ತಮುತ್ತ ಲಾರಿ, ಟ್ರ್ಯಾಕ್ಟರ್ ಸಾಲು ಉದ್ದ ಇರುತ್ತದೆ. ಬೆಳಗ್ಗೆ ಬೇಗ ಹೋದರೆ ನಿಮ್ಮ ಮೂರು ತೂಕಕ್ಕೆ ಅಲ್ಲಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ಮೂರು ತೂಕ ಬೇಕು ಎಂದು ಮೊದಲೇ ಹೇಳಿ.

ಮೊದಲನೆಯದು, ವ್ಯಾನ್ ಪೂರ್ತಿ ತಕ್ಕಡಿ ಮೇಲೆ. ಎರಡನೆಯದು, ಮುಂದಿನ ಚಕ್ರ ಮಾತ್ರ ತಕ್ಕಡಿ ಮೇಲೆ, ಹಿಂದಿನವು ನೆಲದ ಮೇಲೆ. ಮೂರನೆಯದು, ಹಿಂದಿನ ಚಕ್ರ ಮಾತ್ರ ತಕ್ಕಡಿ ಮೇಲೆ. ಎರಡು ಮತ್ತು ಮೂರನ್ನು ಕೂಡಿದರೆ ಹೆಚ್ಚುಕಡಿಮೆ ಮೊದಲನೆಯದು ಬರಬೇಕು. 30, 40 ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ತಕ್ಕಡಿಯ ಮುಂದಿನ ನೆಲ ಸಮ ಇಲ್ಲ ಎಂದರ್ಥ. ಬೇರೆ ವೇಬ್ರಿಡ್ಜ್ ನೋಡಿ. ಚೀಟಿಗಳ ಹಿಂದೆ ಅವತ್ತು ವ್ಯಾನಿನಲ್ಲಿ ಏನೇನಿತ್ತು ಎಂದು ಬರೆದಿಡಿ. ಆರು ತಿಂಗಳ ಮೇಲೆ ಅದು ನೆನಪಿರುವುದಿಲ್ಲ.

ಎಚ್ಚರಿಕೆ: ಟ್ರೇಲರ್ ಕಟ್ಟುವ ಮೊದಲೇ ಒಟ್ಟು ತೂಕ ಅಥವಾ ಯಾವುದಾದರೂ ಆಕ್ಸಲ್ ತೂಕ ಮಿತಿ ದಾಟಿದ್ದರೆ ಅಲ್ಲಿಗೇ ನಿಲ್ಲಿಸಿ. ಮೊದಲು ವ್ಯಾನಿನಿಂದ ಸಾಮಾನು ಇಳಿಸಬೇಕು. "ಹಿಂದೆ ಒಂದು ಬ್ಲೇಡ್ ಜಾಸ್ತಿ ಹಾಕಿಸಿದೀನಿ" ಎನ್ನುವವರು ತುಂಬ ಇದ್ದಾರೆ. ಬ್ಲೇಡ್, ಅಂದರೆ ಸ್ಪ್ರಿಂಗಿನ ಪಟ್ಟಿ, ಹಾಕಿಸಿದರೆ ವ್ಯಾನ್ ಕೂರುವುದು ಕಡಿಮೆ ಕಾಣುತ್ತದೆ, ಅಷ್ಟೇ. ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಮೊದಲಿನವೇ ಅಲ್ವಾ.

ಹಂತ 4: ಕಳೆಯುವ ಲೆಕ್ಕ

ಈಗ ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ಯಾವ ಕಂಪನಿಯ ಗಾಡಿಯದೂ ಅಲ್ಲ. ನಿಮ್ಮವನ್ನು ಹಾಕಿಕೊಳ್ಳಿ.

ವ್ಯಾನಿನ ಗರಿಷ್ಠ ತೂಕ 3,000 ಕೆ.ಜಿ. ಟ್ರೇಲರ್ ಸೇರಿ 4,000. ಎಳೆಯುವ ಮಿತಿ ಬ್ರೇಕ್ ಇದ್ದರೆ 1,200, ಇಲ್ಲದಿದ್ದರೆ 600. ಹಿಂದಿನ ಆಕ್ಸಲ್ ಮಿತಿ 1,750, ಮುಂದಿನದು 1,400. ಹುಕ್ 800 ಕೆ.ಜಿ. ಎಳೆಯುತ್ತದೆ, ಮೇಲೆ 75 ಹೊರುತ್ತದೆ. ಟ್ರೇಲರ್ ಖಾಲಿ 280, ಗರಿಷ್ಠ 900, ಬ್ರೇಕ್ ಇಲ್ಲ. ವೇಬ್ರಿಡ್ಜಿನಲ್ಲಿ ವ್ಯಾನ್ ಬಂದದ್ದು 2,720. ಮುಂದೆ 1,080, ಹಿಂದೆ 1,640.

ಒಟ್ಟು ಜೋಡಿಯ ಮಿತಿಯಿಂದ ವ್ಯಾನ್ ಕಳೆಯಿರಿ: 4,000ರಲ್ಲಿ 2,720 ಹೋದರೆ 1,280.
ಎಳೆಯುವ ಮಿತಿ, ಬ್ರೇಕ್ ಇಲ್ಲದ್ದರಿಂದ: 600.
ಹುಕ್ ಎಳೆಯುವ ಮಿತಿ: 800.
ಟ್ರೇಲರಿನ ಸ್ವಂತ ಮಿತಿ: 900.

ಸದ್ಯಕ್ಕೆ ಚಿಕ್ಕದು 600. ಬಹಳ ಜನ 1,280ಕ್ಕೇ ನಿಲ್ಲಿಸಿ ಸಂತೋಷದಿಂದ ಮನೆಗೆ ಹೋಗುತ್ತಾರೆ. ಇನ್ನೂ ಒಂದು ಮಿತಿ ಬಾಕಿ ಇದೆ. ಬಹಳ ಜನ ಲೆಕ್ಕ ಹಾಕದಿರುವುದು ಅದನ್ನೇ.

ಹಂತ 5: ಮೂಕಿ ಭಾರ ಮತ್ತು ಹಿಂದಿನ ಆಕ್ಸಲ್

ಎತ್ತಿನ ಗಾಡಿ ಹೇರಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಡಿ ಹಿಂಭಾರವಾದರೆ ಮೂಕಿ, ಅಂದರೆ ನೊಗಕ್ಕೆ ಸೇರುವ ಮುಂದಿನ ಉದ್ದ ಮರ, ಮೇಲಕ್ಕೆದ್ದು ನೊಗದ ಪಟ್ಟಿ ಎತ್ತಿನ ಗಂಟಲನ್ನು ಒತ್ತುತ್ತದೆ. ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಎರಡರ ನಡುವೆ, ನೊಗ ಹೆಗಲ ಮೇಲೆ ಹದವಾಗಿ ಕೂರುವ ಹಾಗೆ ಹೇರಬೇಕು. ಟ್ರೇಲರಿಗೂ ಅದೇ ಹದ. ಟ್ರೇಲರಿನ ಮೂಗು ನಿಮ್ಮ ಹುಕ್ಕಿನ ಮೇಲೆ ಎಷ್ಟು ಭಾರ ಹಾಕುತ್ತದೋ ಅದನ್ನು ನಾನು ಮೂಕಿ ಭಾರ ಎಂದೇ ಕರೆಯುತ್ತೇನೆ.

ಅದು ತೀರಾ ಕಡಿಮೆಯಾದರೆ ಟ್ರೇಲರ್ ವೇಗದಲ್ಲಿ ಬಾಲದ ಹಾಗೆ ಅಲ್ಲಾಡುತ್ತದೆ. ತೀರಾ ಜಾಸ್ತಿಯಾದರೆ ವ್ಯಾನಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತವೆ, ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಅಮೆರಿಕದಲ್ಲಿ ಟ್ರೇಲರ್ ತೂಕದ ನೂರಕ್ಕೆ 10ರಿಂದ 15 ಪಾಲು ಇರಲಿ ಎನ್ನುತ್ತಾರೆ. ಯೂರೋಪಿನಲ್ಲಿ ಸುಮಾರು 5ರಿಂದ 7. ನಿಮ್ಮ ಕೈಪಿಡಿ ಬೇರೆ ಹೇಳದಿದ್ದರೆ ನೂರಕ್ಕೆ 10 ಹಿಡಿಯಿರಿ. ನಮ್ಮ ಉದಾಹರಣೆಯ ಹುಕ್ 75 ಹೊರುತ್ತದೆ, ಅಂದರೆ ಟ್ರೇಲರ್ 750 ದಾಟುವಂತಿಲ್ಲ.

ಈಗ ಆಕ್ಸಲ್. ಹುಕ್ ಇರುವುದು ಹಿಂದಿನ ಆಕ್ಸಲ್‌ಗಿಂತ ಹಿಂದೆ. ಅಲ್ಲಿ ಕೂತ 60 ಕೆ.ಜಿ. ಆಕ್ಸಲ್ ಮೇಲೆ 60 ಆಗಿ ಬೀಳುವುದಿಲ್ಲ, ಜಾಸ್ತಿಯಾಗಿ ಬೀಳುತ್ತದೆ. ಹಾರೆಯ ತುದಿ ಒತ್ತಿದ ಹಾಗೆ. ಟೇಪು ಹಿಡಿದು ಎರಡು ಅಳತೆ ತೆಗೆಯಿರಿ: ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಷ್ಟು, ಹಿಂದಿನ ಚಕ್ರದ ನಡುವಿನಿಂದ ಹುಕ್ಕಿಗೆ ಎಷ್ಟು. ಮೊದಲನೆಯದು 2.5 ಮೀಟರ್, ಎರಡನೆಯದು 1 ಮೀಟರ್ ಎಂದುಕೊಳ್ಳಿ. ಎರಡನ್ನೂ ಕೂಡಿ ಮೊದಲನೆಯದರಿಂದ ಭಾಗಿಸಿ. 3.5 ಭಾಗಿಸು 2.5, ಉತ್ತರ 1.4. ಮೂಕಿ ಭಾರದ ಒಂದೊಂದು ಕೆ.ಜಿ.ಯೂ ಹಿಂದಿನ ಆಕ್ಸಲ್ ಮೇಲೆ 1.4 ಕೆ.ಜಿ. ಆಗುತ್ತದೆ. ಆ ಹೆಚ್ಚಿನ ಪಾಲು ಮುಂದಿನ ಆಕ್ಸಲ್‌ನಿಂದ ಎದ್ದು ಬಂದದ್ದು.

ಹಿಂದಿನ ಆಕ್ಸಲ್‌ನಲ್ಲಿ ಉಳಿದ ಜಾಗ 1,750ರಲ್ಲಿ 1,640 ಹೋಗಿ 110. ಅದನ್ನು 1.4ರಿಂದ ಭಾಗಿಸಿದರೆ 78. ಅಂದರೆ 78 ಕೆ.ಜಿ. ಮೂಕಿ ಭಾರ ತಡೆಯುತ್ತದೆ, ಟ್ರೇಲರ್ 780ರವರೆಗೆ. ವ್ಯಾನಿನ ಒಟ್ಟು ತೂಕದಲ್ಲಿ 280 ಜಾಗ ಉಳಿದಿದೆ, ಅದಕ್ಕೂ ತೊಂದರೆಯಿಲ್ಲ. ಹಾಗಾಗಿ ಚಿಕ್ಕದು ಇನ್ನೂ 600.

ಇದರಿಂದ ನೂರಕ್ಕೆ 15 ಬಿಡಿ ಎನ್ನುವುದು ನನ್ನ ಅಭ್ಯಾಸ. ಬಿಸಿಲು, ಹಳೇ ಕ್ಲಚ್, ಕೊನೇ ಗಳಿಗೆಯಲ್ಲಿ ಯಾರೋ ಎಸೆಯುವ ಎರಡು ಚೀಲ, ಎಲ್ಲಕ್ಕೂ ಅದು ಬೇಕು. ಉಳಿಯುವುದು 510. ಖಾಲಿ ಟ್ರೇಲರ್ 280 ಕಳೆದರೆ ನೀವು ಹೇರಬಹುದಾದ ಸಾಮಾನು 230 ಕೆ.ಜಿ. "ಒಂದು ಟನ್ ಎಳೆಯುತ್ತಾ?" ಎಂದು ಶುರುವಾದ ಪ್ರಶ್ನೆಗೆ ಸಿಕ್ಕ ಉತ್ತರ ಎರಡೂಕಾಲು ಕ್ವಿಂಟಾಲ್ ಚಿಲ್ಲರೆ.

ಇಲ್ಲಿಗೇ ಮುಗಿಸಬೇಡಿ. ಅದೇ ವ್ಯಾನಿಗೆ ಹತ್ತು ಕ್ಯಾನ್ ನೀರು ಹಾಕಿ ನೋಡಿ. ಹಿಂದಿನ ಬಾಗಿಲು ತೆಗೆದು ಅಲ್ಲೇ ಇಡುತ್ತೀರಿ, ಸುಲಭ ಅಂತ. ಆ 200 ಕೆ.ಜಿ. ಪೂರ್ತಿ, ಇನ್ನೂ ಸ್ವಲ್ಪ ಜಾಸ್ತಿಯೇ, ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. 1,640 ಇದ್ದದ್ದು 1,840 ದಾಟಿತು, ಮಿತಿ 1,750. ಟ್ರೇಲರಿಗೆ ಜಾಗ ಸೊನ್ನೆ.

ಅದೇ ಕ್ಯಾನುಗಳನ್ನು ಡ್ರೈವರ್ ಸೀಟಿನ ಹಿಂದಕ್ಕೆ ಒತ್ತಿ ಇಟ್ಟರೆ ಹಿಂದಿನ ಆಕ್ಸಲ್‌ಗೆ ಹೋಗುವುದು 60 ಕೆ.ಜಿ. ಮಾತ್ರ ಎಂದುಕೊಳ್ಳಿ. ಆಗ ಹಿಂದೆ 1,700. ಉಳಿದ 50ನ್ನು 1.4ರಿಂದ ಭಾಗಿಸಿದರೆ ಸುಮಾರು 36. ಟ್ರೇಲರ್ 360ರವರೆಗೆ. ನೂರಕ್ಕೆ 15 ಬಿಟ್ಟರೆ 306. ಖಾಲಿ ಟ್ರೇಲರೇ 280 ಇದೆ. ನೀರನ್ನು ವ್ಯಾನಿನಲ್ಲಿ ಇಟ್ಟರೆ ಟ್ರೇಲರ್ ಖಾಲಿ ಹೋಗಬೇಕು, ಟ್ರೇಲರಿನಲ್ಲಿ ಇಟ್ಟರೆ ಅಲ್ಲಿಗೆ ಹೆಚ್ಚುಕಡಿಮೆ ಅದೊಂದೇ. ಜನರೇಟರ್ ಇನ್ನೊಂದು ಟ್ರಿಪ್ಪಿಗೆ. ಬಾಡಿಗೆ ಖರ್ಚು ಜಾಸ್ತಿಯಾಗುತ್ತದೆ, ಗೊತ್ತು. ಆದರೂ ಎರಡು ಟ್ರಿಪ್ ಹೊಡೆಯಿರಿ.

ಮೂಕಿ ಭಾರ ಅಳೆಯುವುದು ಹೇಗೆ

ವೇಬ್ರಿಡ್ಜ್ ಇದಕ್ಕೆ ಆಗುವುದಿಲ್ಲ. ಅದು 5 ಅಥವಾ 10 ಕೆ.ಜಿ. ಲೆಕ್ಕದಲ್ಲಿ ಜಿಗಿಯುತ್ತದೆ, ನಿಮಗೆ ಬೇಕಾದ್ದು 50, 60ರ ಅಳತೆ. ಮನೆ ತಕ್ಕಡಿ ಸಾಕು.

ಟ್ರೇಲರನ್ನು ಸಮ ನೆಲದಲ್ಲಿ, ಹೊರಡುವ ದಿನದ ಹಾಗೆ ಹೇರಿ ನಿಲ್ಲಿಸಿ. ಚಕ್ರಕ್ಕೆ ಎರಡೂ ಕಡೆ ಗುಟ್ಟ ಕೊಡಿ. ಟ್ರೇಲರಿನ ಮೂಗು ವ್ಯಾನಿಗೆ ಕಟ್ಟಿದಾಗ ಇರುವ ಎತ್ತರಕ್ಕೇ ಬರುವಂತೆ ಮರದ ತುಂಡು ಕತ್ತರಿಸಿ, ತಕ್ಕಡಿಯ ಮೇಲೆ ನಿಲ್ಲಿಸಿ, ಮೂಗನ್ನು ಅದರ ಮೇಲೆ ಇಳಿಸಿ. ಎತ್ತರ ಬದಲಾದರೆ ಅಂಕಿಯೂ ಬದಲಾಗುತ್ತದೆ.

ತಕ್ಕಡಿ ತಡೆಯದಷ್ಟು ಭಾರ ಇರಬಹುದು ಎನಿಸಿದರೆ ತೊಲೆ ಬಳಸಿ. ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ತಕ್ಕಡಿ ಮೇಲೆ, ನಡುವೆ ಮೂರಡಿ ಅಂತರ. ತೊಲೆ ಇಟ್ಟ ಮೇಲೆ ತಕ್ಕಡಿ ತೋರಿಸುವುದನ್ನು ಬರೆದುಕೊಳ್ಳಿ. ಟ್ರೇಲರಿನ ಮೂಗನ್ನು ಇಟ್ಟಿಗೆ ಕಡೆಯಿಂದ ಒಂದಡಿ ದೂರದಲ್ಲಿ ತೊಲೆಯ ಮೇಲೆ ಇಳಿಸಿ. ಈಗ ಬಂದ ಅಂಕಿಯಲ್ಲಿ ಮೊದಲಿನದನ್ನು ಕಳೆದು ಮೂರರಿಂದ ಗುಣಿಸಿ. ಕಾಲು ಮೂಗಿನ ಕೆಳಗೆ ಬರದ ಹಾಗೆ ನಿಂತು ಮಾಡಿ.

ಕಡಿಮೆ ಬಂದರೆ ಸಾಮಾನನ್ನು ಮುಂದಕ್ಕೆ, ಜಾಸ್ತಿ ಬಂದರೆ ಸ್ವಲ್ಪ ಹಿಂದಕ್ಕೆ. ಭಾರದ ಸಾಮಾನು ಚಕ್ರದ ನೇರಕ್ಕೆ, ತಳದಲ್ಲಿ ಇರಲಿ. ಮೂಕಿ ಭಾರ ಸರಿಮಾಡಲು ಟ್ರೇಲರಿನ ಹಿಂದಿನ ತುದಿಯಲ್ಲಿ ಕಲ್ಲು, ಚೀಲ ಇಡುವವರನ್ನು ನೋಡಿದ್ದೇನೆ. ತಕ್ಕಡಿ ಸರಿ ತೋರಿಸುತ್ತದೆ, ಆದರೆ ಎರಡು ತುದಿಯಲ್ಲಿ ಭಾರ ಇರುವ ಟ್ರೇಲರ್ ಒಮ್ಮೆ ಅಲ್ಲಾಡಲು ಶುರುವಾದರೆ ನಿಲ್ಲುವುದೇ ಇಲ್ಲ.

ಹಂತ 6: ಬ್ರೇಕ್

ಟ್ರೇಲರಿಗೆ ಬ್ರೇಕ್ ಇದ್ದರೆ ಮಾತ್ರ ದೊಡ್ಡ ಅಂಕಿ ನಿಮ್ಮದು. ಸಣ್ಣ ಟ್ರೇಲರುಗಳಲ್ಲಿ ಓವರ್‌ರನ್ ಬ್ರೇಕ್ ಸಾಮಾನ್ಯ. ವ್ಯಾನ್ ನಿಧಾನವಾದಾಗ ಟ್ರೇಲರ್ ಹಿಂದಿನಿಂದ ನೂಕುತ್ತದೆ. ಆ ನೂಕಿಗೆ ಮೂಗಿನ ಕೊಳವೆ ಒಳಗೆ ಸರಿದು ಬ್ರೇಕಿನ ತಂತಿ ಎಳೆಯುತ್ತದೆ. ಕೊಳವೆ ತುಕ್ಕು ಹಿಡಿದು ಸರಿಯದಿದ್ದರೆ ಅದು ಬ್ರೇಕ್ ಇಲ್ಲದ ಟ್ರೇಲರೇ. ಕೈಯಿಂದ ಒತ್ತಿ ಸರಿಯುತ್ತದೆಯೇ ನೋಡಿ, ಗ್ರೀಸ್ ಹಾಕಿ.

ಬ್ರೇಕ್ ಕೆಲಸ ಮಾಡುತ್ತದೋ ಇಲ್ಲವೋ ಅನುಮಾನ ಇದ್ದರೆ ಬ್ರೇಕ್ ಇಲ್ಲದ ಅಂಕಿಯನ್ನೇ ಹಿಡಿಯಿರಿ.

ಏರಿನಲ್ಲಿ ನಿಂತು ಹೊರಡುವುದೂ ಇದೇ ಮಾತಿಗೆ ಸೇರುತ್ತದೆ. ಯೂರೋಪಿನ ನಿಯಮದಲ್ಲಿ ಎಳೆಯುವ ಮಿತಿಯನ್ನು ಒಪ್ಪುವ ಮೊದಲು, ತುಂಬಿದ ಗಾಡಿಯೂ ಟ್ರೇಲರೂ ಸೇರಿ ನೂರಕ್ಕೆ 12ರ ಏರಿನಲ್ಲಿ, ಅಂದರೆ ನೂರು ಮೀಟರಿಗೆ 12 ಮೀಟರ್ ಏರುವ ಕಡೆ, ಐದು ನಿಮಿಷದಲ್ಲಿ ಐದು ಸಲ ನಿಂತು ಹೊರಡಬೇಕು. ಕ್ಲಚ್ ಎಲ್ಲಿ ಸುಡುತ್ತದೆ ಎಂದು ಇದರಿಂದ ತಿಳಿಯುತ್ತದೆ. ಊರೊಳಗಿನ ರೈಲ್ವೆ ಅಂಡರ್‌ಪಾಸಿನ ಏರಿನಲ್ಲಿ ಸಾಲಾಗಿ ನಿಂತು, ಇಷ್ಟಿಷ್ಟೇ ಮುಂದೆ ಹೋಗುವಾಗ. ಹೈವೇಯಲ್ಲಿ ಓಡುವಾಗಲ್ಲ.

ಹಂತ 7: ಹುಕ್, ಸರಪಳಿ, ದೀಪ

ಹುಕ್ ಚಾಸಿಗೆ ಬೋಲ್ಟ್ ಆಗಿರಬೇಕು. ಬಂಪರಿಗೋ ತೆಳು ತಗಡಿಗೋ ವೆಲ್ಡ್ ಮಾಡಿದ್ದರೆ ತೆಗೆಸಿ. ಗುಂಡು ಹುಕ್ ಆದರೆ ಗುಂಡಿನ ಅಳತೆ ನೋಡಿ. 50 ಮಿ.ಮೀ. ಒಂದು, ಎರಡು ಇಂಚು ಇನ್ನೊಂದು. ಎರಡು ಇಂಚು ಎಂದರೆ 50.8 ಮಿ.ಮೀ. ಕಣ್ಣಿಗೆ ಒಂದೇ. ಟ್ರೇಲರಿನ ದೊಡ್ಡ ಬಟ್ಟಲಿಗೆ ಸಣ್ಣ ಗುಂಡು ಸಿಕ್ಕಿಸಿದರೆ ರಸ್ತೆಯ ಗುಂಡಿಯಲ್ಲಿ ಎಗರಿ ಬಿಡುತ್ತದೆ. ಪಿನ್ ಹುಕ್ ಆದರೆ ಪಿನ್ನಿಗೆ ಲಾಕ್ ಇರಲೇಬೇಕು, ತಂತಿ ಸುತ್ತಿದ್ದು ಲಾಕ್ ಅಲ್ಲ.

ಸುರಕ್ಷತಾ ಸರಪಳಿ ಎರಡು, ಮೂಗಿನ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ. ಹುಕ್ ಬಿಟ್ಟರೆ ಮೂಗು ನೆಲಕ್ಕೆ ಕುಟ್ಟದೆ ಸರಪಳಿಯ ಮೇಲೆ ಕೂರುತ್ತದೆ. ಟ್ರೇಲರಿನ ಹಿಂದಿನ ದೀಪ, ಬ್ರೇಕ್ ದೀಪ, ಇಂಡಿಕೇಟರ್ ಮೂರೂ ಹತ್ತಬೇಕು.

ಹಂತ 8: ಕಾಗದ

ಕಾನೂನಿನಲ್ಲಿ ಟ್ರೇಲರ್ ಬೇರೆಯೇ ವಾಹನ, ಅದಕ್ಕೆ ಅದರದೇ ನೋಂದಣಿ ಬೇಕು. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ ಸುಮ್ನೆ ಕಟ್ಟಿಕೊಂಡು ಹೋಗುವಂತಿಲ್ಲ. ಹುಕ್ ಹಾಕಿಸುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಕೇಳಿ, ಕೆಎ 17 ಆದರೆ ದಾವಣಗೆರೆ, ಕೆಎ 16 ಆದರೆ ಚಿತ್ರದುರ್ಗ. ವಿಮೆಯವರಿಂದ ಟ್ರೇಲರಿನ ಬಗ್ಗೆ ಬರಹದಲ್ಲಿ ತೆಗೆದುಕೊಳ್ಳಿ. ಮಿತಿ ಮೀರಿದ ತೂಕಕ್ಕೆ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಜಾಸ್ತಿಯಾದ ಪ್ರತಿ ಟನ್ನಿಗೆ ಇನ್ನೂ 2,000. ಜೊತೆಗೆ ಸಾಮಾನು ಇಳಿಸುವ ಖರ್ಚೂ ನಿಮ್ಮದೇ.

ಹಂತ 9: ಮೊದಲ ಓಟ ಮತ್ತು ಎಚ್ಚರಿಕೆಯ ಗುರುತುಗಳು

ಮೊದಲ ಓಟ ಕೆಲಸದ ದಿನ ಬೇಡ. ಅರ್ಧ ಹೇರಿ, ಬೆಳಗ್ಗೆ, ಗಾಳಿ ಕಡಿಮೆ ಇರುವಾಗ ಹೋಗಿ. ಹೊರಡುವ ಮೊದಲು ದೂರ ನಿಂತು ಪಕ್ಕದಿಂದ ನೋಡಿ. ಟ್ರೇಲರ್ ನೆಲಕ್ಕೆ ಸಮವಾಗಿ ಅಥವಾ ಮೂಗು ಕೂದಲೆಳೆ ಕೆಳಗಿರಬೇಕು. ಮೂಗು ಮೇಲೆದ್ದಿದ್ದರೆ ಹೊರಡಬೇಡಿ.

ಖಾಲಿ ಜಾಗದಲ್ಲಿ 20ರ ವೇಗದಲ್ಲಿ ಬ್ರೇಕ್ ಹಾಕಿ ನೋಡಿ. ಹಿಂದಿನಿಂದ ಯಾರೋ ಗುದ್ದಿದ ಹಾಗಾದರೆ ಟ್ರೇಲರಿನ ಬ್ರೇಕ್ ಹಿಡಿಯುತ್ತಿಲ್ಲ, ಇಲ್ಲವೇ ಹುಕ್ಕಿನಲ್ಲಿ ಸಡಿಲ ಇದೆ. ಆಮೇಲೆ 40. ಸರಿಯಿದ್ದರೆ ಮಾತ್ರ 60. ಅದರ ಮೇಲೆ ಹೋಗಬೇಡಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ.

ಓಡುವಾಗ ಈ ಗುರುತುಗಳು ಕಂಡರೆ ತಕ್ಷಣ ಬದಿಗೆ ಹಾಕಿ: ಸುಟ್ಟ ವಾಸನೆ, ಬ್ರೇಕ್ ಪೆಡಲ್ ಮೊದಲಿಗಿಂತ ಕೆಳಗೆ ಹೋಗುವುದು, ಟೆಂಪರೇಚರ್ ಮುಳ್ಳು ಏರುವುದು, ಎದುರಿನವರು ಹಗಲಲ್ಲೂ ಲೈಟ್ ಕೊಡುವುದು, ರಾತ್ರಿ ನಿಮ್ಮ ಹೆಡ್‌ಲೈಟ್ ಮರದ ತುದಿಗೆ ಬೀಳುವುದು. ಕೊನೆಯದು ಹಿಂದಿನ ಆಕ್ಸಲ್ ಕುಸಿದಿದೆ ಎಂಬುದರ ನೇರ ಸಾಕ್ಷಿ. ಇಳಿಜಾರಿನಲ್ಲಿ ಏರುವ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅರ್ಧ ದಾರಿಯಲ್ಲಿ ಬ್ರೇಕ್ ಬಿಸಿಯಾಗಿ ಹಿಡಿತ ಬಿಡುತ್ತದೆ.

ಟ್ರೇಲರ್ ಅಲ್ಲಾಡಲು ಶುರುವಾದರೆ ಏನು ಮಾಡಬೇಕು ಎನ್ನುವುದನ್ನು ಮೊದಲೇ ಮನಸ್ಸಿನಲ್ಲಿ ಕೂರಿಸಿಕೊಳ್ಳಿ. ನನಗೆ ಇದು ಆದದ್ದು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ, ಭರಮಸಾಗರ ದಾಟಿದ ಮೇಲೆ. ಆಷಾಢದ ಗಾಳಿ. ಟ್ರೇಲರಿನಲ್ಲಿ ಎತ್ತರಕ್ಕೆ ಹೇರಿದ ಶಾಮಿಯಾನ, ಹಿಂಭಾರ. ಅವತ್ತು ಮೂಕಿ ಭಾರ ಅಳೆದಿರಲಿಲ್ಲ. ಪಕ್ಕದಲ್ಲಿ ಬಸ್ಸೊಂದು ಜೋರಾಗಿ ದಾಟಿತು. ಅದರ ಗಾಳಿಗೆ ಟ್ರೇಲರ್ ಒಮ್ಮೆ ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ, ಪ್ರತಿ ಸಲ ಮೊದಲಿಗಿಂತ ಜಾಸ್ತಿ. ನಾನು ಸ್ಟೀರಿಂಗ್ ತಿರುಗಿಸಿ ಸರಿಮಾಡಲು ಹೋದೆ, ಅದರಿಂದ ಇನ್ನೂ ಹೆಚ್ಚಾಯಿತು. ಪಕ್ಕದಲ್ಲಿ ಕೂತಿದ್ದ ಹುಡುಗನ ಮುಖ ಇವತ್ತಿಗೂ ಕಣ್ಣ ಮುಂದಿದೆ. ಮುಂದೆ ರಸ್ತೆ ಖಾಲಿ ಇತ್ತು, ಉಳಿದೆವು.

ಮಾಡಬೇಕಾದ್ದು ಇಷ್ಟು. ಆಕ್ಸಲರೇಟರಿನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ಎರಡು ಕೈಯಲ್ಲಿ ಗಟ್ಟಿಯಾಗಿ, ನೇರವಾಗಿ ಹಿಡಿಯಿರಿ. ಟ್ರೇಲರನ್ನು ತಿದ್ದಲು ಹೋಗಬೇಡಿ. ಜೋರು ಬ್ರೇಕ್ ಬೇಡ. ವೇಗ ಹೆಚ್ಚಿಸಿ ಎಳೆದು ನೇರ ಮಾಡುತ್ತೇನೆ ಎನ್ನುವುದಂತೂ ಬೇಡವೇ ಬೇಡ. ವೇಗ ತಾನಾಗಿ ಇಳಿಯುತ್ತಿದ್ದಂತೆ ಅಲ್ಲಾಟ ನಿಲ್ಲುತ್ತದೆ. ನಿಂತ ಮೇಲೆ ಬದಿಗೆ ಹಾಕಿ, ಭಾರದ ಸಾಮಾನನ್ನು ಮುಂದಕ್ಕೂ ಕೆಳಕ್ಕೂ ಸರಿಸಿ. ಸರಿಸಲು ಜಾಗ ಇಲ್ಲದಿದ್ದರೆ ಸ್ವಲ್ಪ ಸಾಮಾನು ಅಲ್ಲೇ ಇಳಿಸಿ, ಒಬ್ಬ ಹುಡುಗನನ್ನು ಕಾವಲಿಗೆ ಕೂರಿಸಿ, ಇನ್ನೊಂದು ಗಾಡಿ ಕರೆಸಿ.

ಮೊದಲ 15 ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ. ಟ್ರೇಲರಿನ ಎರಡೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಕಚ್ಚಿಕೊಂಡಿದೆ. ವೀಲ್ ನಟ್ ಮತ್ತೆ ಬಿಗಿ ಮಾಡಿ, ಪಿನ್ನಿನ ಲಾಕ್ ನೋಡಿ, ಹಗ್ಗ ಸಡಿಲಾಗಿದೆಯೇ ನೋಡಿ, ಆಮೇಲೆ ಮುಂದಕ್ಕೆ ಹೊರಡಿ.